ಕಾವಿಗೆ ಕೂತ ಹೇಟೆ



ಹಿತ್ತಲಲ್ಲಿ ನಾಲ್ಕಾರು ನಾಟಿಕೋಳಿ ಇರುವ ಮನೆಯಲ್ಲಿ ವರ್ಷಕ್ಕೆ ಮೂರು ನಾಲ್ಕು ಸಲ ಒಂದು ಚರ್ಚೆ ಎದ್ದೇ ಏಳುತ್ತದೆ. ಅಲ್ಲಿಯವರೆಗೆ ಸರಿಯಾಗಿ ಮೊಟ್ಟೆ ಇಡುತ್ತಿದ್ದ ಹೇಟೆ ಒಂದು ಬೆಳಿಗ್ಗೆ ಗೂಡು ಬಿಟ್ಟು ಏಳುವುದಿಲ್ಲ. ಕೈ ಚಾಚಿದರೆ ಗರಿಯೆಲ್ಲ ಕೆದರಿ, ಮೈ ಎರಡು ಪಟ್ಟು ಮಾಡಿಕೊಂಡು ಕುಕ್ಕಲು ಬರುತ್ತದೆ. ಎತ್ತಿ ಅಂಗಳಕ್ಕೆ ಬಿಟ್ಟರೆ ‘ಲೊಕ್ ಲೊಕ್’ ಅನ್ನುತ್ತ ಎರಡು ಸುತ್ತು ಹೊಡೆದು ಮತ್ತೆ ಅಲ್ಲಿಗೇ ಓಡುತ್ತದೆ. ಅಡಿಯಲ್ಲಿ ಮೊಟ್ಟೆ ಇದ್ದರೂ ಸರಿ, ಬರೀ ನೆಲವಾದರೂ ಸರಿ. ಕೋಳಿ ಕಾವಿಗೆ ಬಂದಿದೆ ಎಂದು ಮನೆಯ ಹಿರಿಯಾಕೆ ಹೇಳುತ್ತಾರೆ. ಈಗ ಅದನ್ನು ಕೂರಿಸಬೇಕೋ, ಕಾವು ಬಿಡಿಸಬೇಕೋ? ನೋಡಲು ಇದು ಸಣ್ಣ ತೀರ್ಮಾನ. ಆದರೆ ಹಿತ್ತಲ ಕೋಳಿ ಸಾಕಣೆಯ ಜಾಣತನವೆಲ್ಲ ಇರುವುದು ಇದರಲ್ಲೇ ಎಂದು ನಾನು ನಂಬಿದ್ದೇನೆ.

ನಾಟಿಕೋಳಿಯನ್ನು ಸೋಮಾರಿ ಎನ್ನುವವರಿದ್ದಾರೆ. ಫಾರಂನ ಬಿಳಿ ಲೆಗ್‌ಹಾರ್ನ್ ವರ್ಷಕ್ಕೆ ಮುನ್ನೂರರ ಹತ್ತಿರ ಮೊಟ್ಟೆ ಕೊಟ್ಟರೆ ನಮ್ಮದು ಐವತ್ತು ಅರವತ್ತಕ್ಕೆ ನಿಲ್ಲುತ್ತದೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಂದು ಸರದಿಗೆ ಹದಿನೈದು ಮೊಟ್ಟೆ ಇಡಲು ಮೂರು ವಾರ, ಕಾವಿಗೆ ಮೂರು ವಾರ, ಮರಿಗಳ ಹಿಂದೆ ಎರಡು ತಿಂಗಳು. ಮೂರು ಮೂರೂವರೆ ತಿಂಗಳು ಅಲ್ಲಿಗೆ ಮುಗಿಯಿತು. ವರ್ಷಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಸರದಿ. ಐವತ್ತು ಅರವತ್ತು ಎಂಬ ಅಂಕಿ ಬಂದದ್ದು ಹೀಗೆ. ಕೋಳಿ ಸೋಮಾರಿಯಲ್ಲ, ಅದರ ಉಳಿದ ದಿನಗಳೆಲ್ಲ ಬಾಣಂತನಕ್ಕೆ ಹೋಗಿವೆ. ಬೇಡದ ಸರದಿಯಲ್ಲಿ ಕಾವು ಬಿಡಿಸಿದರೆ ಮೊಟ್ಟೆ ಹೆಚ್ಚುತ್ತದೆ, ಬೇಕಾದಾಗ ಕೂರಿಸಿದರೆ ಹಿಂಡು ಬೆಳೆಯುತ್ತದೆ. ಯಾವಾಗ ಯಾವುದು ಎಂದು ಅರಿತವಳ ಕೋಳಿಗೂಡು ಖಾಲಿಯಾಗುವುದಿಲ್ಲ.

ಕಾವಿಗೆ ಬಂದ ಕೋಳಿಯ ಮೈಯೊಳಗೆ ಆಗುವುದು ಸೋಜಿಗದ್ದು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ. ಅಂಡಾಶಯ ಕುಗ್ಗುತ್ತದೆ, ಮೊಟ್ಟೆ ನಿಲ್ಲುತ್ತದೆ. ಹೊಟ್ಟೆಯ ಕೆಳಗಿನ ಗರಿ ಉದುರಿ ಚರ್ಮ ಬರಿದಾಗುತ್ತದೆ, ಅಲ್ಲಿ ರಕ್ತ ಹೆಚ್ಚು ಹರಿದು ಬಿಸಿಯೇರುತ್ತದೆ. ಕೋಳಿಯ ಮೈಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್. ಮೊಟ್ಟೆಗೆ ಬೇಕಾದದ್ದು ಮೂವತ್ತೇಳೂವರೆಯ ಆಸುಪಾಸು. ಆ ಅಂತರವನ್ನು ಅದು ಕೂರುವ ಬಗೆಯಲ್ಲೇ ಸರಿದೂಗಿಸುತ್ತದೆ: ಬಿಸಿಲೇರಿದಾಗ ಕೊಂಚ ಎದ್ದು ಗಾಳಿಯಾಡಿಸುತ್ತದೆ, ರಾತ್ರಿ ರೆಕ್ಕೆ ಇಳಿಬಿಟ್ಟು ಒತ್ತಿ ಕೂರುತ್ತದೆ. ಅಂಚಿನ ಮೊಟ್ಟೆಯನ್ನು ಕೊಕ್ಕಿನಿಂದ ನಡುವಿಗೆ, ನಡುವಿನದನ್ನು ಅಂಚಿಗೆ ಸರಿಸುತ್ತ, ಹಗಲೂ ರಾತ್ರಿ ಮತ್ತೆ ಮತ್ತೆ ಹೊರಳಿಸುತ್ತದೆ. ಹೊರಳಿಸದಿದ್ದರೆ ಒಳಗಿನ ಪಿಂಡ ಚಿಪ್ಪಿನ ಪೊರೆಗೆ ಅಂಟಿಕೊಳ್ಳುತ್ತದೆ. ಇಷ್ಟನ್ನೂ ಮಾಡುವ ಯಂತ್ರಕ್ಕೆ ವಿದ್ಯುತ್ತು ಬೇಕು, ಥರ್ಮೋಸ್ಟಾಟ್ ಬೇಕು, ಕರೆಂಟು ಹೋದರೆ ಜನರೇಟರ್ ಬೇಕು. ಹೇಟೆಗೆ ಬೇಕಾದದ್ದು ದಿನಕ್ಕೊಂದು ಹಿಡಿ ರಾಗಿಯೋ ಜೋಳವೋ, ಒಂದು ಬಟ್ಟಲು ನೀರು. ದಿನಕ್ಕೊಮ್ಮೆ ಎದ್ದು, ಗಬಗಬನೆ ತಿಂದು, ಒಂದು ದೊಡ್ಡ ಗಬ್ಬು ಹಿಕ್ಕೆ ಹಾಕಿ, ಮಣ್ಣಲ್ಲಿ ಹೊರಳಾಡಿ ಅರ್ಧ ಗಂಟೆಯೊಳಗೆ ವಾಪಸು. ಮೊದಲ ಸಲ ಕೂತ ಕೆಲವು ಕೋಳಿಗಳು ಏಳುವುದನ್ನೇ ಮರೆಯುತ್ತವೆ. ಅಂಥವನ್ನು ನಾವೇ ಎತ್ತಿ ಹೊರಗೆ ಬಿಡಬೇಕು. ಎತ್ತುವ ಮೊದಲು ರೆಕ್ಕೆಯ ಸಂದು ನೋಡಿ, ಮೊಟ್ಟೆ ಅಲ್ಲಿ ಸಿಕ್ಕಿಕೊಂಡಿರುತ್ತದೆ.

ಕಾವಿಗೆ ಬಂದದ್ದೆಲ್ಲ ಕೂರಿಸುವ ಕೋಳಿಯಲ್ಲ. ಹಿಂದೆ ಮರಿ ಮಾಡಿ ದಡ ಮುಟ್ಟಿಸಿದ್ದು, ಮೈ ಮಧ್ಯಮದ್ದು, ಜನ ಓಡಾಡಿದರೆ ಗಾಬರಿ ಬೀಳದ್ದು, ಹೇನಿಲ್ಲದ್ದು ಆಗಬೇಕು. ಜಗಳಗಂಟಿ ಅಸೀಲ್ ಜಾತಿಯ ಹೇಟೆ ತಾಯ್ತನದಲ್ಲಿ ಮಾತ್ರ ಬಲು ಗಟ್ಟಿ. ಕರಿಮಾಂಸಕ್ಕೆ ಹೆಸರಾದ ಕಡಕ್‌ನಾಥ್‌ಗೆ ಕಾವಿನ ಮೇಲೆ ಅಷ್ಟು ಮನಸ್ಸಿಲ್ಲ. ಪರೀಕ್ಷೆ ಸುಲಭ. ಒಂದೆರಡು ಹಳೇ ಮೊಟ್ಟೆ ಅಡಿಗಿಟ್ಟು ಎರಡು ರಾತ್ರಿ ನೋಡುವುದು. ರಾತ್ರಿಯೂ ಕದಲದೆ ಕೂತರೆ ನಿಜವಾದ ಕಾವು. ರಾತ್ರಿ ಎದ್ದು ಜೊತೆಯವರೊಡನೆ ಅಟ್ಟಣಿಗೆ ಏರಿದರೆ ಅದರದ್ದು ಬರೀ ಆಟ.

ಕೋಳಿ ಆಯಿತು, ಇನ್ನು ಗೂಡು. ಮಂಕರಿಯ ತಳಕ್ಕೆ ಮರಳು ಅಥವಾ ಬೂದಿ, ಮೇಲೆ ಹುಲ್ಲು, ನಡುವೆ ತಗ್ಗು. ಹೇನು ಬಾರದಂತೆ ಲಕ್ಕಿ ಸೊಪ್ಪೋ ಬೇವಿನ ಸೊಪ್ಪೋ. ಕತ್ತಲ ಮೂಲೆ. ಕಾವು ಕೂತ ಕೋಳಿಯನ್ನು ಬೇರೆ ಜಾಗಕ್ಕೆ ಒಯ್ಯುವುದಾದರೆ ಕತ್ತಲಾದ ಮೇಲೆಯೇ ಒಯ್ಯಬೇಕು, ಹಗಲು ಒಯ್ದರೆ ಹಳೇ ಗೂಡು ಹುಡುಕಿಕೊಂಡು ಹೊರಡುತ್ತದೆ. ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಮಂಕರಿಯಲ್ಲಿ ಇದ್ದಿಲು, ಕಬ್ಬಿಣದ ಚೂರು ಇಡುವ ವಾಡಿಕೆಯೂ ಇದೆ. ಮೊಳೆಯೊಂದು ಗುಡುಗನ್ನು ತಡೆದೀತೆಂದು ನಾನು ನಂಬುವುದಿಲ್ಲ. ಆದರೆ ಅದರಿಂದ ಮೊಟ್ಟೆಗೆ ಕೇಡೂ ಇಲ್ಲ, ಹಾಗಾಗಿ ಅಜ್ಜಿಯೊಂದಿಗೆ ವಾದಕ್ಕೆ ಇಳಿಯಬೇಡಿ.

ಮೊಟ್ಟೆ ಆರಿಸುವಾಗ ಕೈ ಬಿಗಿ ಇರಬೇಕು. ಹತ್ತು ದಿನಕ್ಕಿಂತ ಹಳೆಯದು ಬೇಡ. ತೀರಾ ದೊಡ್ಡದು, ಗಿಡ್ಡದು, ಬಿರುಕು ಬಿಟ್ಟದ್ದು ಬೇಡ. ಕೊಳೆ ಇದೆ ಎಂದು ತೊಳೆದದ್ದಂತೂ ಬೇಡವೇ ಬೇಡ, ಚಿಪ್ಪಿನ ಮೇಲಿನ ರಕ್ಷಣೆಯ ಲೇಪ ನೀರಿಗೆ ಹೋಗುತ್ತದೆ. ಸಾಧಾರಣ ಹೇಟೆಯ ಅಡಿಗೆ ಅದರದ್ದೇ ಗಾತ್ರದ ಹನ್ನೆರಡು ಹದಿಮೂರು ಮೊಟ್ಟೆ ಸಾಕು, ಗಿರಿರಾಜ ಎಂಬ ಸುಧಾರಿತ ತಳಿಯ ದೊಡ್ಡ ಮೊಟ್ಟೆಯಾದರೆ ಎಂಟೊಂಬತ್ತು. ಆಸೆಗೆ ಬಿದ್ದು ಇಪ್ಪತ್ತು ತುಂಬಿದರೆ ಒಂದೊಂದು ದಿನ ಒಂದೊಂದು ಮೊಟ್ಟೆ ಹೊರಗುಳಿದು ತಣ್ಣಗಾಗಿ, ಕೊನೆಗೆ ಇಪ್ಪತ್ತೂ ಹಾಳಾದೀತು. ಎಲ್ಲವನ್ನೂ ಒಂದೇ ಸಂಜೆ ಇಡಬೇಕು. ಇಟ್ಟವುಗಳ ಮೇಲೆಲ್ಲ ಪೆನ್ಸಿಲಿನಲ್ಲೋ ಇದ್ದಿಲಲ್ಲೋ ಒಂದು ಗೆರೆ ಎಳೆಯಿರಿ. ಪಕ್ಕದ ಕೋಳಿಗಳಿಗೆ ಕೂತವಳ ಗೂಡಿನಲ್ಲೇ ಮೊಟ್ಟೆ ಇಡುವ ಚಾಳಿ. ಹತ್ತನೇ ದಿನ ಬಂದು ಸೇರಿದ ಮೊಟ್ಟೆ ಹೊರಬರುವ ಹೊತ್ತಿಗೆ ತಾಯಿ ಮರಿ ಕರೆದುಕೊಂಡು ಹೋಗಿಯಾಗಿರುತ್ತದೆ. ಗೆರೆ ಇಲ್ಲದ್ದನ್ನು ದಿನವೂ ತೆಗೆದು ಅಡುಗೆಮನೆಗೆ ಕಳಿಸಿದರೆ ಆಯಿತು.

ಏಳನೇ ರಾತ್ರಿ ಟಾರ್ಚಿನ ಬಾಯಿಗೆ ಮೊಟ್ಟೆ ಹಿಡಿದು ನೋಡುವುದು ನನಗೆ ಈ ಕಸುಬಿನ ಅತಿ ಚಂದದ ಗಳಿಗೆ. ಜೀವ ಕಟ್ಟಿದ್ದರೆ ಜೇಡರ ಬಲೆಯಂತೆ ಕೆಂಪು ಎಳೆಗಳು ಹರಡಿರುತ್ತವೆ, ನಡುವೆ ಒಂದು ಕಪ್ಪು ಚುಕ್ಕೆ ಅಲುಗುತ್ತದೆ. ಗೊಡ್ಡು ಮೊಟ್ಟೆ ಆರಪಾರ ಬೆಳಗುತ್ತದೆ, ಅದನ್ನು ತೆಗೆದುಬಿಡಬೇಕು. ಹತ್ತೊಂಬತ್ತು ಇಪ್ಪತ್ತನೇ ದಿನ ಚಿಪ್ಪಿನೊಳಗಿಂದಲೇ ಕೀಚು ದನಿ ಕೇಳುತ್ತದೆ, ತಾಯಿ ತಗ್ಗಿದ ಸ್ವರದಲ್ಲಿ ಓಗೊಡುತ್ತದೆ. ಕೊಕ್ಕಿನ ತುದಿಯ ಒಂದು ಗಟ್ಟಿ ಚುಕ್ಕೆಯಿಂದ ಮರಿ ಚಿಪ್ಪು ಒಡೆಯುತ್ತದೆ, ಕೆಲವೇ ದಿನಗಳಲ್ಲಿ ಆ ಚುಕ್ಕೆ ಉದುರಿಹೋಗುತ್ತದೆ. ಮೊದಲ ಬಿರುಕಿನಿಂದ ಪೂರ್ತಿ ಹೊರಬರಲು ಎಷ್ಟೋ ಗಂಟೆ ಹಿಡಿಯಬಹುದು. ಅಯ್ಯೋ ಪಾಪ ಎಂದು ಚಿಪ್ಪು ಸುಲಿಯಲು ಹೋಗಬೇಡಿ. ಪೊರೆಯ ರಕ್ತನಾಳ ಇನ್ನೂ ಬತ್ತಿರುವುದಿಲ್ಲ, ಹೊಟ್ಟೆಯೊಳಗೆ ಹಳದಿ ಪೂರ್ತಿ ಸೇರಿರುವುದಿಲ್ಲ. ಆ ಹಳದಿಯೇ ಹುಟ್ಟಿದ ಮರಿಗೆ ಎರಡು ದಿನದ ಬುತ್ತಿ. ಮೊದಲು ಹುಟ್ಟಿದವು ಹಸಿವಿಲ್ಲದೆ ತಾಯಿಯಡಿ ಕಾಯುತ್ತವೆ, ತಡವಾದವು ಬಂದು ಸೇರಿಕೊಳ್ಳುತ್ತವೆ.

ಇನ್ನು ಬಿಡಿಸುವ ವಿಚಾರ. ಮಾರ್ಚಿನಿಂದ ಮೇವರೆಗಿನ ಸುಡು ಬೇಸಿಗೆಯಲ್ಲಿ ಮೊಟ್ಟೆ ಇಟ್ಟ ಜಾಗದಲ್ಲೇ ಅರೆಬರೆ ಕಾವು ತಗುಲಿ ಕೆಡುತ್ತದೆ. ಆಗ ಕೂರಿಸುವುದು ನಷ್ಟ. ಕೂರಿಸಲೇಬೇಕೆಂದಿದ್ದರೆ ಮೊಟ್ಟೆಗಳನ್ನು ನೀರಿನ ಮಡಕೆಯ ಪಕ್ಕದ ತೇವದ ಮರಳಿನ ಮೇಲಿಟ್ಟು ತಂಪಾಗಿ ಕಾಪಾಡಬೇಕು. ಕಾವು ಬಿಡಿಸಲು ಹಳಬರು ಕೋಳಿಯನ್ನು ನೀರಲ್ಲಿ ಅದ್ದುತ್ತಿದ್ದರು, ಕೆಲವರು ಮೂಗಿನ ಹೊಳ್ಳೆಗೆ ಗರಿ ಪೋಣಿಸುತ್ತಿದ್ದರು. ಹಳೆಯದೆಲ್ಲ ಚಿನ್ನವಲ್ಲ. ಮೂಗಿಗೆ ಗರಿ ಪೋಣಿಸುವುದು ಬರೀ ಹಿಂಸೆ. ಹೊಟ್ಟೆಯ ಬಿಸಿ ಇಳಿದರೆ ಕಾವಿನ ಗೀಳೂ ಇಳಿಯುತ್ತದೆ, ಕೆಲಸ ಇರುವುದು ಅಷ್ಟೇ. ತಳಕ್ಕೆ ಜಾಲರಿ ಇರುವ ಪಂಜರವನ್ನು ನೆಲದಿಂದ ಎತ್ತರಿಸಿ, ಹುಲ್ಲು ಹಾಕದೆ, ಗಾಳಿ ಬೆಳಕಿರುವ ಕಡೆ ಮೂರು ನಾಲ್ಕು ದಿನ ಇಟ್ಟರೆ ಸಾಕು. ಮೇವು ನೀರು ಎಂದಿನಂತೆ ಕೊಡಬೇಕು, ಉಪವಾಸ ಕೆಡವಬಾರದು. ಕಾವಿಗೆ ಬಂದ ದಿನವೇ ಹಾಕಿದರೆ ಬೇಗ ಬಿಡುತ್ತದೆ, ವಾರ ಸುಮ್ಮನಿದ್ದು ಆಮೇಲೆ ಹಾಕಿದರೆ ಹಠವೂ ಬಲಿತಿರುತ್ತದೆ. ದಿನದ ಮೊಟ್ಟೆ ದಿನವೇ ತೆಗೆಯುವ ಮನೆಯಲ್ಲಿ ಕಾವಿಗೆ ಬರುವುದೇ ಕಡಿಮೆ.

ಕಾವಿನ ಗೊಡವೆಯೇ ಇಲ್ಲದ ಕೋಳಿಯೂ ಇದೆ. 1980ರ ದಶಕದ ಕೊನೆಯಲ್ಲಿ ಬೆಂಗಳೂರು ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಗಿರಿರಾಜ ತಳಿ ರೂಪುಗೊಂಡಿತು. ಹಿತ್ತಲಿನಲ್ಲೇ ಬೆಳೆಯುತ್ತದೆ, ಬೇಗ ತೂಕ ಬರುತ್ತದೆ, ವರ್ಷಕ್ಕೆ ನೂರಮೂವತ್ತು ದಾಟಿ ಮೊಟ್ಟೆ ಇಡುತ್ತದೆ. ಆದರೆ ಅದಕ್ಕೆ ಕಾವಿಗೆ ಕೂರುವ ಗುಣವಿಲ್ಲ, ಮೊಟ್ಟೆ ಹೆಚ್ಚಲು ಅದೂ ಒಂದು ಕಾರಣ. ಹಾಗೆಂದು ನಾಟಿ ಹೇಟೆಯ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಗಿರಿರಾಜನ ಮೊಟ್ಟೆಗೂ ಅದೇ ಕಾವು ಕೊಡುತ್ತದೆ, 28 ದಿನ ಬೇಡುವ ಬಾತುಕೋಳಿಯ ಮೊಟ್ಟೆಗೂ ಕೂರುತ್ತದೆ. ಬಾತಿನ ಮರಿಗಳು ಕೆರೆಗೆ ಇಳಿದಾಗ ದಡದಲ್ಲಿ ಅದು ಪಡುವ ಪಾಡು ನೋಡಿದರೆ ನಗುವೂ ಬರುತ್ತದೆ, ಅಯ್ಯೋ ಅನ್ನಿಸುತ್ತದೆ ಕೂಡ. ಪೇಟೆಯಿಂದ ತಂದ ಒಂದು ದಿನದ ಮರಿಗಳನ್ನೂ ಸಾಕಲು ಕೊಡಬಹುದು. ಕಾವು ಮುಗಿಯುವ ಹೊತ್ತಿಗೆ, ಕತ್ತಲಲ್ಲಿ, ಒಂದೊಂದಾಗಿ ರೆಕ್ಕೆಯಡಿ ನುಗ್ಗಿಸಿದರೆ ಬೆಳಗಾಗುವಷ್ಟರಲ್ಲಿ ಅವೆಲ್ಲ ಅದರವೇ ಮಕ್ಕಳು. ಹಗಲಲ್ಲಿ ಕೊಟ್ಟರೆ ಕುಕ್ಕಿ ಓಡಿಸೀತು.

ಮರಿಗಳಿಗೆ ಕೊಕ್ಕರೆ ರೋಗದ ಮೊದಲ ಲಸಿಕೆಯನ್ನು ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಹನಿ ಹಾಕಿಸಬೇಕು. ಸಂಜೆ ಎಲ್ಲವೂ ತಾಯಿಯಡಿ ಸೇರಿದಾಗ ಹಿಡಿಯುವುದು ಸುಲಭ. ಮಿಕ್ಕ ಪಾಠವೆಲ್ಲ ತಾಯಿಯದ್ದು. ಗೆದ್ದಲು ಕೆದಕಿ ತೋರಿಸುತ್ತದೆ, ಗಿಡುಗ ಬಂದರೆ ಒಂದು ಬಗೆಯ ಕೂಗು, ನೆಲದ ಮೇಲೆ ಮುಂಗುಸಿ ಬಂದರೆ ಇನ್ನೊಂದು. ಎರಡು ತಿಂಗಳಾಗುತ್ತಿದ್ದಂತೆ ಅದೇ ತಾಯಿ ಮರಿಗಳನ್ನು ಕುಕ್ಕಿ ದೂರ ತಳ್ಳಲು ಶುರುಮಾಡುತ್ತದೆ. ಮನೆಯ ಮಕ್ಕಳು ಇದನ್ನು ಕಂಡು ಬೇಸರಪಡುತ್ತಾರೆ. ನೀವು ಆ ತಾಯಿಕೋಳಿಯ ಮುಖದ ಕೆಂಪು ಮರಳಿದೆಯೇ ನೋಡಿ. ಮರಳಿದ್ದರೆ ಮೊಟ್ಟೆಯ ಬುಟ್ಟಿ ಸಿದ್ಧಮಾಡಿ, ಇನ್ನು ಹೆಚ್ಚು ದಿನ ಕಾಯಿಸುವುದಿಲ್ಲ.