ಚುನಾವಣೆಯ ಹಣವೂ ಮತದಾರನ ಹಕ್ಕೂ



ಪ್ರಜಾಪ್ರಭುತ್ವದ ಹಿರಿಮೆಯನ್ನು ಕುರಿತು ನಾವು ಬೇಕಾದಷ್ಟು ವ್ಯಾಖ್ಯಾನಗಳನ್ನು ಕೇಳಿದ್ದೇವೆ. ಅದರ ಖರ್ಚನ್ನು ಯಾರು ಹೊರುತ್ತಾರೆಂದು ಕೇಳುವವರು ಮಾತ್ರ ವಿರಳ. ಇಂದು ಆ ಖರ್ಚಿನ ವಿಷಯವಾಗಿಯೇ ನಾಲ್ಕು ಮಾತು ಅರಿಕೆಮಾಡಬೇಕೆಂದಿದ್ದೇವೆ.

ನಮ್ಮ ಕರ್ನಾಟಕದಲ್ಲಿ ಲೋಕಸಭೆಯ ಉಮೇದುವಾರನು ೯೫ ಲಕ್ಷ ರೂಪಾಯಿ, ವಿಧಾನಸಭೆಯ ಉಮೇದುವಾರನು ೪೦ ಲಕ್ಷ ರೂಪಾಯಿಗಿಂತ ಹೆಚ್ಚು ವೆಚ್ಚಮಾಡಕೂಡದೆಂದು ೨೦೨೨ರಲ್ಲಿ ಗೊತ್ತುಮಾಡಲಾಯಿತು. ಮಿತಿಯೇನೋ ಉಂಟು. ಆದರೆ ಅದು ಉಮೇದುವಾರನಿಗೆ. ಅವನನ್ನು ನಿಲ್ಲಿಸಿದ ಪಕ್ಷಕ್ಕಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತಾಯಿತು.

ಈ ಹಿತ್ತಿಲ ಬಾಗಿಲು ತಾನಾಗಿ ತೆರೆದುದಲ್ಲ. ೧೯೭೧ರಲ್ಲಿ ದಿಲ್ಲಿಯ ಸದರ ಕ್ಷೇತ್ರದಿಂದ ಆರಿಸಿಬಂದ ಅಮರನಾಥ ಚಾವ್ಲಾ ಅವರ ಆಯ್ಕೆಯನ್ನು ಕಂವರಲಾಲ ಗುಪ್ತ ಅವರು ಪ್ರಶ್ನಿಸಿದರು. ಉಮೇದುವಾರನ ಅರಿವಿನಿಂದ ಅವನಿಗಾಗಿ ಪಕ್ಷವು ಮಾಡಿದ ವೆಚ್ಚವೂ ಅವನ ಲೆಕ್ಕಕ್ಕೇ ಸೇರತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು ೧೯೭೪ರ ಅಕ್ಟೋಬರದಲ್ಲಿ ತೀರ್ಪಿತ್ತು, ಆ ಆಯ್ಕೆಯನ್ನು ರದ್ದುಪಡಿಸಿತು. ಅದೇ ತಿಂಗಳಲ್ಲಿ ಸರಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿ, ಪಕ್ಷದ ವೆಚ್ಚವು ಉಮೇದುವಾರನ ವೆಚ್ಚವಲ್ಲವೆಂದು ಸಾರಿಬಿಟ್ಟಿತು. ಇಷ್ಟು ಚುರುಕು ಬಡ ಒಕ್ಕಲಿಗನ ಅರ್ಜಿಯ ವಿಷಯದಲ್ಲಿ ಎಂದಾದರೂ ಕಂಡುದುಂಟೇ? ೨೦೦೩ರಲ್ಲಿ ಆ ವಿನಾಯಿತಿಯನ್ನು ಕಿರಿದುಗೊಳಿಸಿದರು; ಪಕ್ಷದ ಒಟ್ಟು ವೆಚ್ಚಕ್ಕೆ ಮಾತ್ರ ಮಿತಿ ಬರಲಿಲ್ಲ.

ಹಣ ಹೋಗುವ ದಾರಿ ಇದಾದರೆ, ಬರುವ ದಾರಿ ಇನ್ನೂ ಕತ್ತಲೆಯದು. ಕಂಪನಿಗಳ ದೇಣಿಗೆಗೆ ಲಾಭದ ಶೇಕಡಾ ೭.೫ರ ಮಿತಿಯಿದ್ದಿತು. ೨೦೧೭ರ ಹಣಕಾಸು ಕಾಯಿದೆಯು ಅದನ್ನು ಕಿತ್ತುಹಾಕಿತು. ನಷ್ಟದಲ್ಲಿದ್ದ ಕಂಪನಿಯೂ ದಾನಶೂರ ಕರ್ಣನಾಗಬಹುದಾಯಿತು! ೨೦೧೮ರ ಜನೇವರಿಯಲ್ಲಿ ಚುನಾವಣಾ ಬಾಂಡುಗಳ ಯೋಜನೆ ಹೊರಬಿದ್ದಿತು. ಒಂದು ಸಾವಿರದಿಂದ ಒಂದು ಕೋಟಿ ರೂಪಾಯಿವರೆಗಿನ ಬಾಂಡುಗಳನ್ನು ಸ್ಟೇಟ್ ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ಒಪ್ಪಿಸಿದವರ ಹೆಸರು ಮತದಾರನಿಗೆ ತಿಳಿಯುವಂತಿರಲಿಲ್ಲ. ಗುಪ್ತದಾನವು ದೇವರ ಹುಂಡಿಯಲ್ಲಿ ಪುಣ್ಯವೆನಿಸೀತು. ಕಾಯಿದೆ ಮಾಡುವವರ, ಗುತ್ತಿಗೆ ಕೊಡುವವರ ಹುಂಡಿಯಲ್ಲಿ ಅದಕ್ಕೆ ಬೇರೆಯೇ ಹೆಸರುಂಟು. ೨೦೨೪ರ ಫೆಬ್ರುವರಿ ೧೫ರಂದು ಐವರು ನ್ಯಾಯಮೂರ್ತಿಗಳ ಪೀಠವು ಈ ಯೋಜನೆಯನ್ನು ಸಂವಿಧಾನಬಾಹಿರವೆಂದು ಒಮ್ಮತದಿಂದ ತಳ್ಳಿಹಾಕಿತು. ವಿವರ ಒಪ್ಪಿಸಲು ಬ್ಯಾಂಕು ಜೂನ್ ೩೦ರ ವರೆಗೆ, ಅಂದರೆ ಲೋಕಸಭೆಯ ಚುನಾವಣೆ ಮುಗಿದುಹೋಗುವ ತನಕ, ಅವಧಿ ಬೇಡಿತು. ನ್ಯಾಯಾಲಯವು ಒಪ್ಪಲಿಲ್ಲ, ಮಾರ್ಚಿನಲ್ಲಿಯೇ ಪಟ್ಟಿಗಳು ಹೊರಬಂದವು.

ಬಾಂಡು ಹೋದರೂ ಕತ್ತಲೆ ಪೂರ್ತಿ ಹೋಗಿಲ್ಲ. ೨೦,೦೦೦ ರೂಪಾಯಿಗೆ ಮೇಲ್ಪಟ್ಟ ದೇಣಿಗೆಗಳನ್ನು ಪಕ್ಷಗಳು ಚುನಾವಣಾ ಆಯೋಗಕ್ಕೆ ತಿಳಿಸುವದು ವರ್ಷಕ್ಕೊಮ್ಮೆ, ಅದೂ ಆರ್ಥಿಕ ವರ್ಷವು ಮುಗಿದ ಮೇಲೆ. ವರನ ಸಾಲವು ಲಗ್ನವಾದ ಮೇಲೆ ತಿಳಿದು ಫಲವೇನು? ದೊಡ್ಡ ದೇಣಿಗೆದಾರರ ಹೆಸರು ಮತದಾನಕ್ಕೆ ಮುಂಚೆಯೇ ಪ್ರಕಟವಾಗತಕ್ಕದ್ದು; ಪಕ್ಷದ ವೆಚ್ಚಕ್ಕೂ ಮಿತಿ ಬೀಳತಕ್ಕದ್ದು. ಇವೆರಡೇ ನಮ್ಮ ಬೇಡಿಕೆ.

ಅಲ್ಲಿಯವರೆಗೆ ಕೈಕಟ್ಟಿ ಕೂಡ್ರಬೇಕಾಗಿಲ್ಲ. ಫಲಿತಾಂಶದಿಂದ ೩೦ ದಿನಗಳೊಳಗೆ ಪ್ರತಿಯೊಬ್ಬ ಉಮೇದುವಾರನೂ ಜಿಲ್ಲಾ ಚುನಾವಣಾಧಿಕಾರಿಗೆ ತನ್ನ ಲೆಕ್ಕವನ್ನು ಒಪ್ಪಿಸಬೇಕು. ಒಂದು ರೂಪಾಯಿ ಶುಲ್ಕ ತೆತ್ತು ಯಾರಾದರೂ ಅದನ್ನು ನೋಡಬಹುದೆಂದು ೧೯೬೧ರ ಚುನಾವಣಾ ನಿಯಮಗಳೇ ಹೇಳುತ್ತವೆ. ನಮ್ಮ ಊರಿನಲ್ಲಿ ಎದ್ದ ಮಂಟಪ, ಓಡಿದ ಮೋಟಾರು, ನಡೆದ ಊಟಗಳನ್ನು ಕಣ್ಣಾರೆ ಕಂಡವರು ನಾವೇ ಅಲ್ಲವೇ? ಬರುವ ಚುನಾವಣೆಯ ತರುವಾಯ ತಾಲೂಕಿಗೆ ಇಬ್ಬರಾದರೂ ಹೋಗಿ ಆ ಕಾಗದಗಳನ್ನು ತೆರೆಯಿಸಿ, ಕಂಡದ್ದನ್ನೂ ಬರೆದದ್ದನ್ನೂ ಎದುರುಬದುರು ಇಟ್ಟು ನೋಡಬೇಕೆಂದು ಸಭೆಯನ್ನು ಪ್ರಾರ್ಥಿಸುತ್ತೇವೆ.