ಉಗ್ಗುವ ಮಗು ಮತ್ತು ಕೆರೆ-ದಡದ ಆಟ



ನಮ್ಮ ಭಾಷೆಯಲ್ಲಿ ತೊದಲು ಬೇರೆ, ಉಗ್ಗು ಬೇರೆ. ತೊದಲನ್ನು ಮುದ್ದು ಮಾಡುತ್ತೇವೆ, ಉಗ್ಗನ್ನು ಅಣಕಿಸುತ್ತೇವೆ. ಒಂದೂವರೆ ವರ್ಷದ ಕೂಸಿನ ಅರೆಬರೆ ಮಾತಿಗೆ ಹಿಗ್ಗಿದ ಮನೆಯೇ, ನಾಲ್ಕು ವರ್ಷದ ಹುಡುಗ 'ನ-ನ-ನನಗೆ' ಎಂದು ತಡೆದು ನಿಂತರೆ 'ಸರಿಯಾಗಿ ಹೇಳೋ' ಎಂದು ಗದರುತ್ತದೆ.

ಉಗ್ಗು ಹೆಚ್ಚಾಗಿ ಶುರುವಾಗುವುದು ಎರಡರಿಂದ ಐದು ವರ್ಷದೊಳಗೆ. ನೂರರಲ್ಲಿ ಸುಮಾರು 5 ಮಕ್ಕಳು ಯಾವುದೋ ಒಂದು ಹಂತದಲ್ಲಿ ಉಗ್ಗುತ್ತಾರೆ. ಬಹುಪಾಲು ಮಕ್ಕಳಿಗೆ ಅದು ಹೋಗುತ್ತದೆ. ದೊಡ್ಡವರಲ್ಲಿ ಉಳಿಯುವುದು ನೂರಕ್ಕೆ ಸುಮಾರು ಒಬ್ಬರಿಗೆ. ಮನೆಯಲ್ಲಿ ತುಳು ಅಥವಾ ಕನ್ನಡ, ಬಿಲ್ಡಿಂಗಿನ ಕೆಳಗೆ ಹಿಂದಿ-ಮರಾಠಿ, ಶಾಲೆಯಲ್ಲಿ ಇಂಗ್ಲಿಷ್: ಈ ಕಲಸುಮೇಲೋಗರದಿಂದಲೇ ಉಗ್ಗು ಬಂತೆಂದು ಮುಂಬಯಿಯಲ್ಲಿ ಹಲವರು ನಂಬಿದ್ದಾರೆ. ಅದಕ್ಕೆ ಆಧಾರವಿಲ್ಲ. ಮಗುವಿನೊಡನೆ ಮನೆಮಾತು ಬಿಡುವ ಅಗತ್ಯವೂ ಇಲ್ಲ. ಉಗ್ಗಿನ ಬೇರು ಬಹುಮಟ್ಟಿಗೆ ವಂಶವಾಹಿಯಲ್ಲಿ, ಮಿದುಳಿನ ರಚನೆಯಲ್ಲಿದೆ.

ಇತ್ತೀಚೆಗೆ ತಜ್ಞರು ಇನ್ನೊಂದು ಕಡೆಯಿಂದಲೂ ನೋಡುತ್ತಿದ್ದಾರೆ. ಅದಕ್ಕೆ ಎಕ್ಸಿಕ್ಯುಟಿವ್ ಫಂಕ್ಷನ್ ಎಂದು ಹೆಸರು. ನಮ್ಮ ಸ್ಟುಡಿಯೋದ ಉದಾಹರಣೆ ಕೊಡುತ್ತೇನೆ. ಉದ್ಘೋಷಕರ ಕಣ್ಣು ಗಡಿಯಾರದ ಮೇಲೆ, ಕಿವಿ ಹೆಡ್‌ಫೋನಿನಲ್ಲಿ, ಮುಂದಿನ ವಾಕ್ಯ ತಲೆಯಲ್ಲಿ. ಕೆಮ್ಮು ಬಂದರೆ ತಡೆಯಬೇಕು, ಹಾಕಬೇಕಾದ ಹಾಡು ಸಿಗದಿದ್ದರೆ ತಕ್ಷಣ ಬೇರೆ ದಾರಿ ಹಿಡಿಯಬೇಕು. ನೆನಪಿನಲ್ಲಿ ಹಿಡಿದಿಡುವುದು, ತಡೆದುಕೊಳ್ಳುವುದು, ದಾರಿ ಬದಲಿಸುವುದು, ಈ ಮೂರೇ ಆ ಕೌಶಲಗಳು. ಎಳೆಯ ಮಕ್ಕಳಲ್ಲಿ ಇವು ಇನ್ನೂ ಬಲಿಯುತ್ತಿರುತ್ತವೆ.

ಅರ್ಥವಿಲ್ಲದ ಉದ್ದನೆಯ ಪದವೊಂದನ್ನು ಕೇಳಿ ಹಾಗೆಯೇ ಹೇಳುವ ಪರೀಕ್ಷೆಯಲ್ಲಿ, ಕೈಯನ್ನೋ ಗಮನವನ್ನೋ ತಡೆಯುವ ಪರೀಕ್ಷೆಗಳಲ್ಲಿ, ಉಗ್ಗುವ ಮಕ್ಕಳ ಗುಂಪು ಸರಾಸರಿಯಲ್ಲಿ ತುಸು ಹಿಂದೆ ಬಿದ್ದದ್ದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಎಲ್ಲದರಲ್ಲೂ ಅಲ್ಲ. ಸರಾಸರಿ ಎಂಬುದು ನಿಮ್ಮ ಮಗುವಿನ ಹೆಸರೂ ಅಲ್ಲ: ಉಗ್ಗುವ ಎಷ್ಟೋ ಮಕ್ಕಳು ಇವುಗಳಲ್ಲಿ ಚುರುಕಾಗಿಯೇ ಇರುತ್ತಾರೆ. ಇದು ಉಗ್ಗಿಗೆ ಕಾರಣವೋ, ಜತೆಗಾರನೋ ಎಂಬುದೂ ತೀರ್ಮಾನವಾಗಿಲ್ಲ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಇಷ್ಟು ಒತ್ತಿ ಹೇಳುವುದೇಕೆಂದರೆ, 'ನಿನಗೆ ಗಮನವೇ ಇಲ್ಲ' ಎಂದು ಬೈಯಲು ಹೊಸದೊಂದು ನೆಪ ಸಿಗಬಾರದು.

ಈ ಕೌಶಲಗಳು ಆಟದಲ್ಲಿ ಬಳಕೆಯಾಗುತ್ತವೆ. ನಮ್ಮ ಕೆರೆ-ದಡ ಆಟ ನೆನಪಿದೆಯಲ್ಲ? 'ದಡ' ಎಂದಾಗ ಕೆರೆಗೆ ಹಾರಿದವನು ಔಟು. ಇಲ್ಲಿನ ಮರಾಠಿ ಮಕ್ಕಳು ಗುಬ್ಬಿ ಹಾರಿತು, ಕಾಗೆ ಹಾರಿತು ಎಂದು ಬೆರಳೆತ್ತುತ್ತಾ, ಎಮ್ಮೆ ಎಂದಾಗ ಬೆರಳು ತಡೆಯುವ ಆಟವೂ ಅದೇ ಜಾತಿಯದು. ಇವುಗಳಿಂದ ಉಗ್ಗು ವಾಸಿಯಾಗುತ್ತದೆಂದು ನಾನು ಹೇಳಲಾರೆ. ಆದರೆ ಮಾತಿನ ಒತ್ತಡವಿಲ್ಲದೆ ಮಗು ಗೆಲ್ಲಬಲ್ಲ ಆಟಗಳಿವು. ಮನೆಯಲ್ಲಿ ನಾವೇ ನಿಧಾನವಾಗಿ ಮಾತಾಡುವುದು, ಮಗುವಿನ ವಾಕ್ಯವನ್ನು ನಾವು ಮುಗಿಸದಿರುವುದು ಇದಕ್ಕಿಂತ ಮುಖ್ಯ.

ನಾಲಗೆಗೆ ಬಜೆ ತೇಯ್ದು ಹಚ್ಚುವ ಅಜ್ಜಿಯರ ಮೇಲೆ ನನಗೆ ಸಿಟ್ಟಿಲ್ಲ. ಅದನ್ನೇ ನಂಬಿ ವರ್ಷಗಟ್ಟಲೆ ಕಾಯುವುದು ಮಾತ್ರ ಬೇಡ. ಆರು ತಿಂಗಳು ದಾಟಿದರೆ, ಮನೆತನದಲ್ಲಿ ಉಗ್ಗಿದ್ದರೆ, ಮಾತಾಡುವಾಗ ಮಗು ಮುಖ ಬಿಗಿದರೆ ವಾಕ್‌ಚಿಕಿತ್ಸಕರನ್ನು ಕಾಣಿ. ಬಾಂದ್ರಾ ರೆಕ್ಲಮೇಶನ್‌ನಲ್ಲಿ 1983ರಲ್ಲಿ ಆರಂಭವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ, ಮುಂಬಯಿ ಸೆಂಟ್ರಲ್‌ನ ನಾಯರ್ ಆಸ್ಪತ್ರೆಯಲ್ಲಿ ವಾಕ್ ಮತ್ತು ಶ್ರವಣ ವಿಭಾಗವಿದೆ. ಊರಿಗೆ ಹೋದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಗೊತ್ತೇ ಇದೆ. ಹೋಗುವ ಮೊದಲು ಮನೆಯಲ್ಲಿ ಮಗು ಮಾತಾಡುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ತೋರಿಸಲು ಹೋದ ದಿನವೇ ಮಗು ಒಮ್ಮೆಯೂ ತಡೆಯದೆ ಪಟಪಟನೆ ಮಾತಾಡಿಬಿಡುವುದುಂಟು.