ಸಹಾಯದ ಪುಟಗಳಿಗೆ ಒಂದು ಮನೆ ಬೇಕು

(ಕಂಪ್ಯೂಟರ್ ಕಲಿಕೆಯ ಸ್ವಯಂಸೇವಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಂಪ್ಯೂಟರಿನ ವಿಷಯಕ್ಕೆ ಇಂಜಿನಿಯರರನ್ನು ಕರೆಯುವುದು ವಾಡಿಕೆ. ಅರಬಿ ವ್ಯಾಕರಣ ಓದಿ, ಬಳಿಕ ಬಿ.ಎ. ಮುಗಿಸಿದ ನಮ್ಮಂಥವರನ್ನು ಕರೆದದ್ದಕ್ಕೆ ಸಂಘಟಕರೇ ಹೊಣೆಗಾರರು. ಆದರೂ ಒಪ್ಪಿ ಬಂದಿದ್ದೇವೆ. ಏಕೆಂದರೆ ಇಂದು ಇಲ್ಲಿ ತೀರ್ಮಾನವಾಗಬೇಕಾಗಿರುವುದು ಒಂದು ಮನೆಯ ಪ್ರಶ್ನೆ.

ನಮ್ಮ ಊರಿನ ಗೆಳೆಯರು ಎಂಟು ವರ್ಷಗಳಿಂದ ಒಂದು ಸಹಾಯದ ವಿಕಿಯನ್ನು ಬೆಳೆಸಿಕೊಂಡು ಬಂದಿದ್ದಾರೆ. ವಿಕಿಯೆಂದರೆ ಬಲ್ಲವರೆಲ್ಲರೂ ಬರೆಯಬಹುದಾದ, ಕಂಡವರೆಲ್ಲರೂ ತಿದ್ದಬಹುದಾದ ಪುಟಗಳ ಕಟ್ಟು. ಹಳೆಯ ನುಡಿ ಅಕ್ಷರಗಳಲ್ಲಿರುವ ಕಡತವನ್ನು ಯುನಿಕೋಡಿಗೆ ತರುವುದು ಹೇಗೆ, ವಿದ್ಯಾರ್ಥಿವೇತನದ ಅರ್ಜಿಗಾಗಿ ಪಿಡಿಎಫ್ ಗಾತ್ರ ಇಳಿಸುವುದು ಹೇಗೆ, ಕನ್ನಡ ಮತ್ತು ಉರ್ದುವನ್ನು ಒಂದೇ ಹಾಳೆಯಲ್ಲಿ ಬರೆಯುವುದು ಹೇಗೆ ಎಂಬುದೆಲ್ಲ ಅಲ್ಲಿದೆ. ಇಷ್ಟೂ ಇರುವುದು ಒಬ್ಬ ಗೆಳೆಯರ ಖಾತೆಯಲ್ಲಿ. ಹಣ ಕಟ್ಟುವವರೂ ಅವರೇ, ಪಾಸ್‌ವರ್ಡ್ ಬಲ್ಲವರೂ ಅವರೇ. ಮುಂದಿನ ತಿಂಗಳು ಅವರು ಕೊಲ್ಲಿ ದೇಶಕ್ಕೆ ಹೊರಟಿದ್ದಾರೆ.

ಇಂತಹ ಪುಟಗಳ ಋಣ ನಮ್ಮ ಮೇಲೂ ಇದೆ. ವಿದ್ಯಾರ್ಥಿಯಾಗಿದ್ದಾಗ ಓಪನ್ ಆಫೀಸಿನಲ್ಲಿ ಉರ್ದು ಪತ್ರವೊಂದನ್ನು ಬರೆಯಲು ಒಂದು ಮಧ್ಯಾಹ್ನವಿಡೀ ಹೆಣಗಿದ್ದೆವು. ಸಾಲು ಎಡದಿಂದಲೇ ಹೊರಡುತ್ತಿತ್ತು. ಟೂಲ್ಸ್ ಎಂಬಲ್ಲಿ ಆಪ್ಷನ್ಸ್, ಅದರೊಳಗೆ ಭಾಷೆಯ ವಿಭಾಗ, ಅಲ್ಲಿ ಸಂಕೀರ್ಣ ಲಿಪಿಗಳಿಗೆಂದೇ ಇರುವ ಒಂದು ಚೌಕ. ಅದಕ್ಕೆ ಗುರುತು ಹಾಕಿದರೆ ಬಲದಿಂದ ಬರೆಯುವ ಗುಂಡಿ ಕಾಣಿಸಿಕೊಳ್ಳುತ್ತದೆ. ಅರಬಿ, ಉರ್ದು ಮಾತ್ರವಲ್ಲ, ನಮ್ಮ ಕನ್ನಡವೂ ಆ ತಂತ್ರಾಂಶದ ಲೆಕ್ಕದಲ್ಲಿ ಅದೇ ಸಂಕೀರ್ಣ ಲಿಪಿಗಳ ಗುಂಪಿಗೆ ಸೇರಿದ್ದು! ಇದನ್ನು ನಮಗೆ ತಿಳಿಸಿಕೊಟ್ಟದ್ದು ಯಾವುದೋ ದೇಶದ ಯಾರೋ ಬರೆದಿಟ್ಟಿದ್ದ ನಾಲ್ಕು ಸಾಲು.

ಆ ನಾಲ್ಕು ಸಾಲುಗಳಂಥವಕ್ಕೆ ಮುಂದೆ ಏನಾಯಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಓಪನ್ ಆಫೀಸನ್ನು 2000ದಲ್ಲಿ ಲೋಕಕ್ಕೆ ತೆರೆದಿಟ್ಟದ್ದು ಸನ್ ಕಂಪನಿ. ಅದರ ವಿಕಿಯನ್ನು ಬೆಳೆಸಿದವರಲ್ಲಿ ಸಂಬಳವಿಲ್ಲದ ಸ್ವಯಂಸೇವಕರು ಬಹಳ ಮಂದಿ. ಆದರೆ ಪುಟಗಳಿದ್ದ ಯಂತ್ರಗಳು ಕಂಪನಿಯವು. 2010ರ ಜನವರಿಯಲ್ಲಿ ಸನ್ ಕಂಪನಿಯನ್ನು ಒರೇಕಲ್ ಕೊಂಡಿತು. ಯಂತ್ರಗಳೊಂದಿಗೆ ಪುಟಗಳಿಗೂ ಹೊಸ ಒಡೆಯರು ಬಂದಂತಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸ್ವಯಂಸೇವಕರ ದೊಡ್ಡ ಗುಂಪೊಂದು ಹೊರಬಂದು ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ಕಟ್ಟಿತು, ಲಿಬ್ರೆ ಆಫೀಸ್ ಹೊರತಂದಿತು, ತನ್ನದೇ ವಿಕಿ ತೆರೆಯಿತು. ಒರೇಕಲ್ 2011ರ ಜೂನ್‌ನಲ್ಲಿ ಓಪನ್ ಆಫೀಸನ್ನು ಅಪಾಚೆ ಸಂಸ್ಥೆಗೆ ಒಪ್ಪಿಸಿ ಕೈತೊಳೆದುಕೊಂಡಿತು. ಹಳೆಯ ವಿಕಿಯೂ ಗಂಟುಮೂಟೆ ಕಟ್ಟಿಕೊಂಡು ಅಪಾಚೆಯ ಯಂತ್ರಗಳಿಗೆ ಹೊರಟಿತು.

ಆಗ ಎದುರಾದ ತೊಡಕನ್ನು ತಾವು ಗಮನಿಸಬೇಕು. ಪುಟಗಳು ಬೇರೆ ಬೇರೆ ಪರವಾನಗಿಗಳ ಅಡಿಯಲ್ಲಿದ್ದವು. ಅಪಾಚೆಗೆ ತನ್ನದೇ ಪರವಾನಗಿಯ ನಿಯಮವಿದೆ. ಬರೆದವರು ಒಪ್ಪದೆ ಒಂದು ಪುಟದ ಪರವಾನಗಿಯನ್ನು ಯಾರೂ ಬದಲಿಸುವಂತಿಲ್ಲ. ವರ್ಷಗಳ ಹಿಂದೆ ಒಂದು ಸಂಜೆ ಬಂದು ಹತ್ತು ಸಾಲು ಬರೆದು ಹೋದವರನ್ನು ಎಲ್ಲಿ ಹುಡುಕುವುದು?

ಹೊರಬಂದವರೇನೂ ಸುಖವಾಗಿರಲಿಲ್ಲ. ಜರ್ಮನಿಯ ಕಾನೂನಿನಂತೆ ಪ್ರತಿಷ್ಠಾನ ಸ್ಥಾಪಿಸಲು ಮೂಲಧನ ಬೇಕಿತ್ತು. 50,000 ಯೂರೋ ಕೊಡಿರೆಂದು 2011ರಲ್ಲಿ ಜನರನ್ನು ಕೇಳಿದರು. ಎಂಟೇ ದಿನಗಳಲ್ಲಿ ಆ ಹಣ ಕೂಡಿಬಂತು. 2012ರ ಫೆಬ್ರವರಿಯಲ್ಲಿ ಬರ್ಲಿನ್‌ನಲ್ಲಿ ಪ್ರತಿಷ್ಠಾನ ನೋಂದಣಿಯಾಯಿತು. ಅಂದಿನಿಂದ ಆ ಪುಟಗಳು ಯಾವ ಕಂಪನಿಯ ಮಾರಾಟಪತ್ರದಲ್ಲೂ ಸೇರಿ ಹೋಗುವಂತಿಲ್ಲ.

ಮನೆ ಹುಡುಕಲು ತಡಮಾಡಿದವರ ಕಥೆಯೂ ಇದೆ. ಜೆಂಟೂ ಎಂಬುದು ಲಿನಕ್ಸ್‌ನ ಒಂದು ಬಗೆ. ಅದನ್ನು ಬಳಸುವವರು ಆಗ ತಂತ್ರಾಂಶಗಳನ್ನು ಬಹುಮಟ್ಟಿಗೆ ತಾವೇ ಜೋಡಿಸಿ ಸಿದ್ಧಪಡಿಸಿಕೊಳ್ಳಬೇಕಿತ್ತು. ಹಾಗಾಗಿ ಸಹಾಯದ ಪುಟಗಳೇ ಅವರ ಊರುಗೋಲಾಗಿದ್ದವು. ಬಳಕೆದಾರರು ನಡೆಸುತ್ತಿದ್ದ ಅದರ ವಿಕಿ 2008ರಲ್ಲಿ ಏಕಾಏಕಿ ಅಳಿದುಹೋಯಿತು. ಪೂರ್ತಿ ಪ್ರತಿ ಯಾರ ಬಳಿಯೂ ಇರಲಿಲ್ಲ. ಹುಡುಕಾಟದ ಯಂತ್ರಗಳು ತಮ್ಮ ಅನುಕೂಲಕ್ಕೆ ಉಳಿಸಿಕೊಂಡಿದ್ದ ನಕಲುಗಳಿಂದ ಜನರು ಪುಟಪುಟವಾಗಿ ಹೆಕ್ಕಿ ತಂದರು. ಸಿಕ್ಕಿದ್ದು ಸಿಕ್ಕಿತು.

ಈಗ ನಮ್ಮ ವಿಷಯಕ್ಕೆ ಬರೋಣ. ವಾಟ್ಸಾಪ್ ಗುಂಪು ಸಾಲದೇ ಎಂದು ಕೆಲವು ಕಿರಿಯರು ಕೇಳಿದ್ದಾರೆ. ಸೋಮವಾರ ಕೊಟ್ಟ ಉತ್ತರ ಗುರುವಾರದ ಹೊತ್ತಿಗೆ ಶುಭಾಶಯಗಳ ಅಡಿಯಲ್ಲಿ ಹೂತುಹೋಗಿರುತ್ತದೆ, ಅದೇ ಪ್ರಶ್ನೆ ಮತ್ತೆ ಬರುತ್ತದೆ. ಊರಿನ ವ್ಯಾಪಾರಿಯೊಬ್ಬರು ತಮ್ಮ ಸಂಸ್ಥೆಯ ಸರ್ವರಿನಲ್ಲಿ ಉಚಿತವಾಗಿ ಜಾಗ ಕೊಡಲು ಮುಂದೆ ಬಂದಿದ್ದಾರೆ. ಅವರ ಔದಾರ್ಯಕ್ಕೆ ನಾವೆಲ್ಲ ಕೃತಜ್ಞರು. ಆದರೆ ಸನ್ ಕಂಪನಿಯೂ ಉದಾರವಾಗಿಯೇ ಇತ್ತಲ್ಲವೇ? ಅದು ಇನ್ನೊಬ್ಬರ ಕೈಸೇರಿದ ದಿನ ಆ ಔದಾರ್ಯವೂ ಮುಗಿಯಿತು. ಈ ವ್ಯಾಪಾರಿ ಮಿತ್ರರು ಎರಡನೆಯ ಪ್ರತಿಯನ್ನು ಇಟ್ಟುಕೊಳ್ಳಲಿ. ಮೊದಲನೆಯದು ನಮ್ಮದೇ ಹೆಸರಿನಲ್ಲಿರಲಿ.

ಹೆಸರು ಎಂದಾಗ ನೆನಪಾಯಿತು. ಪ್ರವಾಸಿಗಳಿಗಾಗಿ 2003ರಲ್ಲಿ ಆರಂಭವಾದ ವಿಕಿಟ್ರಾವೆಲ್ ಅನ್ನು 2006ರಲ್ಲಿ ಕಂಪನಿಯೊಂದು ಕೊಂಡಿತು. ಬರೆಯುವವರಲ್ಲಿ ಬಹುಮಂದಿ 2012ರಲ್ಲಿ ಬೇರೆಯಾಗಲು ನಿರ್ಧರಿಸಿದಾಗ ಕಂಪನಿಯು ಇಬ್ಬರು ಸ್ವಯಂಸೇವಕರ ಮೇಲೆ ಮೊಕದ್ದಮೆಯನ್ನೇ ಹೂಡಿತು. ಪರವಾನಗಿ ಮುಕ್ತವಾಗಿದ್ದುದರಿಂದ ಬರಹವನ್ನು ಒಯ್ಯಲು ಸಾಧ್ಯವಾಯಿತು, ಹೆಸರನ್ನು ಒಯ್ಯಲು ಆಗಲಿಲ್ಲ. ಅವರು 2013ರ ಜನವರಿಯಲ್ಲಿ ವಿಕಿವಾಯೇಜ್ ಎಂಬ ಹೆಸರಿನಲ್ಲಿ ವಿಕಿಮೀಡಿಯಾದ ಆಶ್ರಯ ಸೇರಬೇಕಾಯಿತು. ನಮ್ಮ ವಿಳಾಸ ಇಂದಿಗೂ ಒಬ್ಬರ ಸ್ವಂತ ಹೆಸರಿನಲ್ಲಿ ನೋಂದಣಿಯಾಗಿದೆ. ಅವರು ಹೊರಡುವ ಮುನ್ನ ಅದು ವರ್ಗವಾಗಲೇಬೇಕು. ವಿಳಾಸ ಉಳಿದರೆ, ಶಾಲೆಗಳಲ್ಲಿ ಮತ್ತು ಸೈಬರ್ ಅಂಗಡಿಗಳಲ್ಲಿ ಗೋಡೆಗೆ ಅಂಟಿಸಿದ ಚೀಟಿಗಳೂ ಉಪಯೋಗಕ್ಕೆ ಉಳಿಯುತ್ತವೆ.

ಪ್ರತಿ ತೆಗೆಯುವವರಿಗೆ ಒಂದು ಮಾತು. ನಮ್ಮದು ಮೀಡಿಯಾವಿಕಿ ತಂತ್ರಾಂಶ. ಅದರಿಂದ ಹೊರತೆಗೆಯುವ ಎಕ್ಸ್ಎಂಎಲ್ ಕಡತದಲ್ಲಿ ಬರಹವೂ ಇರುತ್ತದೆ, ಯಾರು ಯಾವಾಗ ತಿದ್ದಿದರೆಂಬ ಇತಿಹಾಸವೂ ಬರುತ್ತದೆ, ಚಿತ್ರಗಳು ಬರುವುದಿಲ್ಲ. ನಮ್ಮ ಪುಟಗಳಲ್ಲಿ ಅರ್ಧ ಕೆಲಸ ಮಾಡುವುದೇ ಬಾಣದ ಗುರುತು ಹಾಕಿದ ಚಿತ್ರಗಳು. ಅವನ್ನು ಬೇರೆಯಾಗಿಯೇ ತೆಗೆದಿಡಬೇಕು. ಇತಿಹಾಸವನ್ನು ಭಾರವೆಂದು ಬಿಟ್ಟುಬಿಡಬೇಡಿ, ಬರೆದವರ ಹೆಸರು ಉಳಿದಿರುವುದು ಅಲ್ಲಿ ಮಾತ್ರ.

ಇನ್ನು ಪರವಾನಗಿ. ಎಂಟು ವರ್ಷಗಳಲ್ಲಿ ನಾವು ಯಾರೂ ಆ ಕುರಿತು ಒಂದು ಸಾಲನ್ನೂ ಬರೆದಿಡಲಿಲ್ಲ, ತಪ್ಪು ನಮ್ಮದೂ ಹೌದು. ಬರೆದವರು ಬಹುತೇಕ ಈ ಸಭೆಯಲ್ಲೇ ಇದ್ದೀರಿ, ಹೊರಡುವಾಗ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ. ನುಡಿ ಅಕ್ಷರಗಳ ಪುಟಗಳನ್ನೆಲ್ಲ ಬರೆದ ಮೇಷ್ಟ್ರು ಮಾತ್ರ ಈಗ ನಮ್ಮೊಂದಿಗಿಲ್ಲ. ಹಕ್ಕು ಅವರ ವಾರಸುದಾರರದ್ದು. ಮೇಷ್ಟ್ರು ಬೇಡವೆನ್ನುತ್ತಿದ್ದರೇ ಎಂದು ಕೆಲವರು ಕೇಳಬಹುದು. ಅವರ ಪರವಾಗಿ ಹೌದೆನ್ನುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ. ನಾಳೆ ಅಸರ್ ಬಳಿಕ ಅವರ ಮನೆಗೆ ನಾವೇ ಹೋಗಿ ಬರುತ್ತೇವೆ.

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಪ್ರಕಾರ ಸಂಘವೊಂದನ್ನು ನೋಂದಾಯಿಸಲು ಕನಿಷ್ಠ ಏಳು ಮಂದಿ ಬೇಕು. ವಿಳಾಸ, ಖಾತೆ, ಕೀಲಿ ಮೂರೂ ಆ ಸಂಘದ ಹೆಸರಿನಲ್ಲಿರಲಿ, ಪಾಸ್‌ವರ್ಡ್ ಕನಿಷ್ಠ ಮೂವರ ಬಳಿ ಇರಲಿ. ಹಾಳೆ ಮುಂದಿನ ಸಾಲಿನಿಂದ ಬರುತ್ತಿದೆ. ಇದುವರೆಗೆ ಐದು ಹೆಸರುಗಳು ಬಂದಿವೆ. ಅದರಲ್ಲಿ ಸಹೋದರಿಯರದ್ದು ಒಂದೂ ಇಲ್ಲ; ಪುಟಗಳನ್ನು ಅತಿ ಹೆಚ್ಚು ತಿದ್ದಿದವರು ಹಿಂದಿನ ಸಾಲಿನಲ್ಲಿ ಕುಳಿತ ಅವರೇ ಎಂದು ಇತಿಹಾಸದ ಕಡತ ಹೇಳುತ್ತದೆ. ಉಳಿದ ಎರಡು ಜಾಗಗಳಿಗೆ ಹಾಳೆಯನ್ನು ಮೊದಲು ಅತ್ತ ಕಳುಹಿಸಿ.